ಅಸಿಟ್ರೋಮ್ ನುಂಗುವವರು ಬಸ್ಸಾರು ಉಣ್ಣಬಹುದೇ?

ಅಮ್ಮನಿಗೆ ಲೋಹದ ಹೃದಯಕವಾಟ ಹಾಕಿ ಎರಡು ತಿಂಗಳಾಯಿತು. ರಕ್ತ ತೆಳುವಾಗಿಸಲು ಅಸಿಟ್ರೋಮ್ ಕೊಡುತ್ತಿದ್ದಾರೆ. ಸೊಪ್ಪು ಮುಟ್ಟಲೇಬಾರದು ಎಂದು ನೆಂಟರೆಲ್ಲ ಹೇಳಿ ಬಿಡಿಸಿದ್ದಾರೆ. ಬಸ್ಸಾರಿಲ್ಲದೆ ಅಮ್ಮನಿಗೆ ಮುದ್ದೆ ಇಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ತಂಗಿ, ನಮ್ಮ ಯಜಮಾನರು ಒಂಬತ್ತು ವರ್ಷದಿಂದ ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಸೊಪ್ಪನ್ನೂ ತಿನ್ನುತ್ತಿದ್ದಾರೆ. ಮೊದಲ ವರ್ಷ ನಾವೂ ಹೆದರಿ ಪೂರ್ತಿ ಬಿಟ್ಟಿದ್ದೆವು. ಆಮೇಲೆ ಹಬ್ಬಕ್ಕೆ ನಾದಿನಿಯ ಮನೆಗೆ ಹೋದಾಗ ಹಿತ್ತಲಿನ ನುಗ್ಗೆ ಚಿಗುರಿತ್ತು. ವಾರವಿಡೀ ಅದರದೇ ಪಲ್ಯ. ಊರಿಗೆ ಮರಳಿ ಪರೀಕ್ಷೆ ಮಾಡಿಸಿದರೆ ಅವರಿಗೆ 2.5ರಿಂದ 3.5ರೊಳಗೆ ಇರಬೇಕಾದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ; ಇದು ಇಳಿದಷ್ಟೂ ರಕ್ತ ಬೇಗ ಹೆಪ್ಪುಗಟ್ಟುತ್ತದೆ) 1.6ಕ್ಕೆ ಇಳಿದಿತ್ತು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದಿತ್ತು ಎಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ. ಒಂದು ವಾರ ಏನೂ ಇಲ್ಲ, ಮರುವಾರ ರಾಶಿ ಎಂದಾದರೆ ಮಾತ್ರೆಯ ಪ್ರಮಾಣ ತಾಳೆಯಾಗುವುದೇ ಇಲ್ಲ. ಮುಂದಿನ ಸಲ ನಾನು ಮನೆಯ ಸಣ್ಣ ಸ್ಟೀಲ್ ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ದಿನಕ್ಕೆ ಇಷ್ಟು ಬೇಯಿಸಿದ ಸೊಪ್ಪು ಕೊಡಲೇ ಎಂದು ವೈದ್ಯರನ್ನು ಕೇಳಿದೆ. ಅವರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿಕೊಟ್ಟರು. ಇಂದಿಗೂ ಅದೇ ಬಟ್ಟಲು, ಅದೇ ಅಳತೆ. ಈಗ ಬಿಟ್ಟಿರುವ ಸೊಪ್ಪನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ವೈದ್ಯರಿಗೆ ಹೇಳಿ, ಬೇಗನೆ ಐಎನ್‌ಆರ್ ನೋಡಿಸಿ. ಬಸ್ಸಾರಿನ ವಿಷಯದಲ್ಲಿ ಒಂದು ಸಮಾಧಾನವಿದೆ: ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ. ಬಸಿದ ಕಟ್ಟಿಗಿಂತ ಪಲ್ಯದಲ್ಲೇ ಅದು ಹೆಚ್ಚು ಉಳಿಯುತ್ತದೆ, ಅಳತೆ ಬೇಕಾದದ್ದು ಪಲ್ಯಕ್ಕೆ.

ಊಟ ಕಡಿಮೆಯಾದರೂ ಅಪಾಯವೇ. ಒಮ್ಮೆ ಜ್ವರ ಬಂದು ಐದು ದಿನ ಬರೀ ಗಂಜಿ ಕುಡಿದರು, ಜೊತೆಗೆ ಆಂಟಿಬಯೋಟಿಕ್. ಹಲ್ಲುಜ್ಜುವಾಗ ನೊರೆಯೆಲ್ಲ ಕೆಂಪಾಯಿತು, ಐಎನ್‌ಆರ್ 4.9ಕ್ಕೆ ಏರಿ ರಕ್ತ ಅತಿಯಾಗಿ ತೆಳುವಾಗಿತ್ತು. ಅಮ್ಮ ಏಕಾದಶಿ ಉಪವಾಸ ಮಾಡುವವರಾದರೆ ಅದನ್ನೂ ವೈದ್ಯರಿಗೆ ಹೇಳಿ. ಮಂಡಿನೋವಿನ ಮಾತ್ರೆ, ನಾಟಿ ಔಷಧ ಯಾವುದನ್ನೂ ಕೇಳದೆ ಕೊಡಬೇಡಿ.

ಇನ್ನೊಬ್ಬರ ಉತ್ತರ: ನಮ್ಮ ತಂದೆಯವರದು ರಕ್ತ ತೆಳುವಾಗಿಸುವ ಬೇರೆ ಬಗೆಯ ಮಾತ್ರೆ, ಎಪಿಕ್ಸಾಬಾನ್. ಅದಕ್ಕೆ ಸೊಪ್ಪಿನ ಪಥ್ಯವಿಲ್ಲ. ಹಾಗಿದ್ದೂ ಯಾರದೋ ಮಾತು ಕೇಳಿ ಆರು ತಿಂಗಳು ಅವರಿಗೆ ಸೊಪ್ಪು ತಪ್ಪಿಸಿದ್ದೆವು, ಇಂದಿಗೂ ಬೇಸರವಿದೆ. ಆದರೆ ಲೋಹದ ಕವಾಟಕ್ಕೆ ಎಪಿಕ್ಸಾಬಾನ್ ಆಗದು. ಹಾಗಾಗಿ ನಿಮ್ಮ ಅಮ್ಮನಿಗೆ ಮೇಲಿನ ಅಕ್ಕ ಹೇಳಿದ ಬಟ್ಟಲಿನ ಲೆಕ್ಕವೇ ಸರಿ.