ಮಾಸ್ಕೋದಿಂದ ಲಂಡನ್ನಿನ ದರ್ಜಿಗೆ ಅಳತೆ ಕಳುಹಿಸಿದವನ ನಾಟಕ ಮತ್ತು ನನ್ನ ಮಗನ ಪಾಸ್‌ಪೋರ್ಟ್

ಡಂಡಿಯಿಂದ ಒಬ್ಬ ತಾಯಿ:

ಗುಂಪಿನ ಹಿರಿಯರಿಗೂ ಗೆಳತಿಯರಿಗೂ ನಮಸ್ಕಾರ. ನಾನು ಕೇಳಬೇಕೆಂದಿರುವುದು ಪೌರತ್ವದ ವಿಷಯ. ಆದರೆ ಆ ಪ್ರಶ್ನೆ ನನ್ನನ್ನು ಕಾಡಲು ಆರಂಭಿಸಿದ್ದು ಒಂದು ಹಳೆಯ ಟಿ.ವಿ. ನಾಟಕದಿಂದಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ಬಿಬಿಸಿ 1983ರಲ್ಲಿ ಪ್ರಸಾರ ಮಾಡಿದ ‘ಆನ್ ಇಂಗ್ಲಿಷ್‌ಮನ್ ಅಬ್ರಾಡ್’ ನಾಟಕವನ್ನು ಹದಿನಾಲ್ಕು ವರ್ಷದ ನನ್ನ ಮಗ ಹಾಕಿಸಿದ. ಅದರ ಮಾಸ್ಕೋ ದೃಶ್ಯಗಳನ್ನು ನಮ್ಮ ಡಂಡಿಯಲ್ಲಿಯೂ ಗ್ಲಾಸ್ಗೋದಲ್ಲಿಯೂ ಚಿತ್ರೀಕರಿಸಿದ್ದರೆಂದು ಎಲ್ಲಿಯೋ ಓದಿ, ತನಗೆ ಗೊತ್ತಿರುವ ಬೀದಿಯೊಂದು ಕಾಣಿಸೀತೇ ಎಂಬ ಕುತೂಹಲ ಅವನದು.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಬ್ರಿಟನ್ನಿನ ವಿದೇಶಾಂಗ ಇಲಾಖೆಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಗೂಢಚಾರನಾಗಿದ್ದ ಗೈ ಬರ್ಜೆಸ್, 1951ರ ಮೇ ತಿಂಗಳಲ್ಲಿ ಡೊನಾಲ್ಡ್ ಮ್ಯಾಕ್ಲೀನ್ ಎಂಬ ಜೊತೆಗಾರನೊಂದಿಗೆ ಪರಾರಿಯಾದವನು. 1958ರಲ್ಲಿ ‘ಹ್ಯಾಮ್ಲೆಟ್’ ಆಡಲು ಇಂಗ್ಲೆಂಡಿನ ತಂಡವೊಂದು ಮಾಸ್ಕೋಗೆ ಹೋದಾಗ, ಅದರಲ್ಲಿದ್ದ ನಟಿ ಕೋರಲ್ ಬ್ರೌನ್ ಅವರನ್ನು ಅವನು ತನ್ನ ಮನೆಗೆ ಊಟಕ್ಕೆ ಕರೆಯುತ್ತಾನೆ. ಊಟ ನೆಪ ಮಾತ್ರ. ಲಂಡನ್ನಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬ ಸುದ್ದಿ ಅವನಿಗೆ ಬೇಕು, ಅದಕ್ಕಿಂತ ಹೆಚ್ಚಾಗಿ, ತನ್ನ ಮೈ ಅಳತೆಯನ್ನು ಆಕೆ ಬರೆದುಕೊಂಡು ಹೋಗಿ ತನ್ನ ಹಳೆಯ ದರ್ಜಿಗೆ ಕೊಟ್ಟು ಒಂದು ಸೂಟು ಹೊಲಿಸಿ ಕಳುಹಿಸಬೇಕು. ಇದು ನಿಜವಾಗಿ ನಡೆದದ್ದು. ನಾಟಕದಲ್ಲಿ ಬ್ರೌನ್ ಅವರ ಪಾತ್ರವನ್ನು ಸ್ವತಃ ಬ್ರೌನ್ ಅವರೇ ಮಾಡಿದ್ದಾರೆ, ಬರ್ಜೆಸ್ ಆಗಿ ಅಭಿನಯಿಸಿರುವವರು ಆಲನ್ ಬೇಟ್ಸ್.

ಅಳತೆಯ ದೃಶ್ಯ ಬಂದೊಡನೆ ಮಗ ನನ್ನ ಕಡೆ ತಿರುಗಿ ನಕ್ಕ. ಮೈಸೂರಿಗೆ ಹೊರಟವರ ಕೈಯಲ್ಲೆಲ್ಲ ನಾನು ಅಳತೆಯ ರವಿಕೆಯನ್ನು ಕೊಟ್ಟು ಕಳುಹಿಸುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ನಾನೂ ನಕ್ಕೆ. ಆದರೆ ಮಲಗುವ ಮುನ್ನ ಅವನು ಕೇಳಿದ್ದು ಇದು: “ಅವನು ಬಯಸಿದರೂ ವಾಪಸು ಹೋಗುವಂತಿರಲಿಲ್ಲ ಅಮ್ಮ. ನೀವು ಯಾವಾಗ ಬೇಕಾದರೂ ಹೋಗಬಹುದು, ಹೋಗುವುದಿಲ್ಲ. ಹಾಗಿದ್ದ ಮೇಲೆ ದಿನವೂ ಊರಿನ ಮಾತೇ ಏಕೆ?”

ಈಗ ನನ್ನ ಪ್ರಶ್ನೆ. ನಮ್ಮ ಮೂವರಿಗೂ ಇಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿ ದೊರೆತಿದೆ. ಮೂವರ ಪೌರತ್ವದ ಅರ್ಜಿಯನ್ನೂ ಒಟ್ಟಿಗೆ ಹಾಕೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನನ್ನ ಪಾಸ್‌ಪೋರ್ಟ್ ಒಪ್ಪಿಸಲು ನನಗೆ ಅಷ್ಟು ಸಂಕಟವಿಲ್ಲ, ಮೈಸೂರಿನಲ್ಲಿ ಹುಟ್ಟಿದ ಮಗನದನ್ನು ಒಪ್ಪಿಸಲು ಮನಸ್ಸು ಬಾರದು. ನಾಳೆ ಅವನು ಅಲ್ಲಿ ಓದುತ್ತೇನೆ, ಅಲ್ಲಿಯೇ ಇರುತ್ತೇನೆ ಎಂದರೆ ಅವನಿಗೆ ಯಾವ ಬಾಗಿಲು ಮುಚ್ಚಿರುತ್ತದೆ? ತಿಳಿದವರು ಹೇಳಬೇಕು.

ಎಡಿನ್‌ಬರಾದಿಂದ:

ಅಕ್ಕ, ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಬ್ರಿಟಿಷ್ ಪೌರತ್ವ ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ಅದರ ಪ್ರಮಾಣಪತ್ರ ಪಡೆದು, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಓ.ಸಿ.ಐ. ಕಾರ್ಡಿಗೆ ಅರ್ಜಿ ಹಾಕಬೇಕು. ಆ ಕಾರ್ಡಿದ್ದರೆ ಮಗ ವೀಸಾ ಇಲ್ಲದೆ ಹೋಗಬಹುದು, ಎಷ್ಟು ಕಾಲ ಬೇಕಾದರೂ ಇರಬಹುದು, ಸಾಮಾನ್ಯ ಉದ್ಯೋಗ ಮಾಡಬಹುದು. ಮತದಾನವಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ, ಕೃಷಿ ಜಮೀನನ್ನೂ ತೋಟವನ್ನೂ ಕೊಳ್ಳುವಂತಿಲ್ಲ. ಓದಿನ ವಿಷಯದಲ್ಲಿ ಒಂದು ಮಾತು ಗಮನಿಸಿ: 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇಯಂತಹ ಪರೀಕ್ಷೆಗಳ ಮೂಲಕ ಸೇರುವ ಓ.ಸಿ.ಐ. ವಿದ್ಯಾರ್ಥಿಗಳಿಗೆ ಅನಿವಾಸಿ ಭಾರತೀಯರ ಸೀಟುಗಳು ಅಥವಾ ಹೆಚ್ಚುವರಿ ಸೀಟುಗಳು ಮಾತ್ರ ಲಭ್ಯ. ಮುಚ್ಚುವ ಬಾಗಿಲುಗಳಲ್ಲಿ ನಿಮಗೆ ಮುಖ್ಯವಾದದ್ದು ಬಹುಶಃ ಇದೊಂದೇ.

ರೆಡಿಂಗ್‌ನಿಂದ:

ಪೌರತ್ವದ ನಿಯಮಗಳು ನನಗೆ ತಿಳಿಯವು, ಆದರೆ ನಾಟಕವನ್ನು ನಾನೂ ನೋಡಿದ್ದೇನೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಸೂಟಿಗಿಂತ ಅವನ ಹರಟೆಯ ಹಸಿವು. ಅವನು ಒಬ್ಬೊಬ್ಬರ ಹೆಸರನ್ನೂ ಹೇಳಿ ವಿಚಾರಿಸುತ್ತಾನೆ, ಆದರೆ ಅವರ ಬದುಕು ಅವನನ್ನು ಬಿಟ್ಟು ಬಹಳ ಮುಂದೆ ಹೋಗಿರುತ್ತದೆ. ನಾನು ಧಾರವಾಡಕ್ಕೆ ಫೋನು ಮಾಡಿ ಎದುರುಮನೆಯವರು ಹೇಗಿದ್ದಾರೆ ಎಂದು ಕೇಳಿದರೆ, ಅವರು ಮನೆ ಮಾರಿ ಮಗನೊಡನೆ ಪುಣೆಗೆ ಹೋಗಿ ಎಷ್ಟೋ ಕಾಲವಾಯಿತೆಂದು ನಮ್ಮ ವೈನಿ ಪ್ರತಿ ಸಲವೂ ನೆನಪಿಸಬೇಕಾಗುತ್ತದೆ. ನನ್ನ ಮಗಳು ರಜೆಗೆ ಅಲ್ಲಿಗೆ ಹೋದಾಗ ನಾನು ವರ್ಣಿಸಿದ ಧಾರವಾಡವನ್ನು ಹುಡುಕಿ ಬೇಸತ್ತು, ಕೊನೆಗೆ ತನ್ನದೇ ಆದ ಒಂದು ಧಾರವಾಡವನ್ನು ಕಂಡುಕೊಂಡಳು. ಅದರಲ್ಲಿ ಪೇಡೆ ಇಲ್ಲ, ಬ್ಯಾಡ್ಮಿಂಟನ್ ಇದೆ. ನನಗೆ ಇದರಿಂದ ಸ್ವಲ್ಪ ಮತ್ಸರವಾಯಿತು ಎಂದರೆ ನಗಬೇಡಿ.

ಲೆಸ್ಟರ್‌ನಿಂದ, ನಿವೃತ್ತ ವೈದ್ಯರು:

ತಂಗಿ, ಮೊದಲನೆಯದಾಗಿ ಈ ಹೋಲಿಕೆಯೇ ಅನುಚಿತ. ಆ ಮನುಷ್ಯ ತನ್ನ ದೇಶದ ರಹಸ್ಯಗಳನ್ನು ಕೊಟ್ಟು ಓಡಿಹೋದವನು, ನಾವು ನೇಮಕಾತಿ ಪತ್ರ ಹಿಡಿದು ಹಗಲಿನಲ್ಲಿ ವಿಮಾನ ಹತ್ತಿ ಬಂದವರು. ಅವನಿಗೆ ಅಷ್ಟು ವರ್ಷ ಮಾಸ್ಕೋದಲ್ಲಿದ್ದರೂ ರಷ್ಯನ್ ಭಾಷೆ ಸರಿಯಾಗಿ ಹತ್ತಲಿಲ್ಲ. ನಾವು ಯಾರ್ಕ್‌ಶೈರಿನ ಗಣಿ ಕಾರ್ಮಿಕರ ಮಾತನ್ನು ಕಲಿತು ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟವರು. ಅಂಥವನ ಹಂಬಲವನ್ನು ಮರುಕದಿಂದ ತೋರಿಸುವ ನಾಟಕವನ್ನು ಮಕ್ಕಳಿಗೆ ತೋರಿಸಿ, ಅದರ ಕನ್ನಡಿಯಲ್ಲಿ ತಾಯಿಯ ಮುಖ ನೋಡಲು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದಾಗಿ, ನಾನು ಈ ಗುಂಪಿನಲ್ಲಿ ಹಿಂದೆಯೂ ಹೇಳಿರುವಂತೆ, ಏಳು ವರ್ಷದವರೆಗೆ ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತು ಇರಕೂಡದು, ರಾತ್ರಿ ಊಟಕ್ಕೆ ಮುನ್ನ ಒಂದು ವಚನ ಹೇಳಿಸಬೇಕು. ನನ್ನ ಇಬ್ಬರು ಗಂಡುಮಕ್ಕಳೂ ಹಾಗೆ ಬೆಳೆದವರು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಮೇಲೆ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ವಚನ ಹೇಳಿಸಿದ್ದೇನೆ. ಬೇರು ಗಟ್ಟಿಯಾಗಿದ್ದರೆ ಮಗ ನಿಮಗೆ ಇಂಥ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಪಾಸ್‌ಪೋರ್ಟ್ ಎನ್ನುವುದು ತಾಯ್ನೆಲದ ಋಣ. ಹುಡುಗನದನ್ನು ಒಪ್ಪಿಸಬೇಡಿ.

ಮಿಲ್ಟನ್ ಕೀನ್ಸ್‌ನಿಂದ:

ಡಾಕ್ಟರ್ ಸಾಹೇಬರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿಯೂ ಪಾಸ್‌ಪೋರ್ಟ್ ಒಪ್ಪಿಸಬಾರದೆಂದು ತೀರ್ಮಾನಿಸಿದ್ದೇವೆ.

ಕೇಂಬ್ರಿಜ್‌ನಿಂದ:

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಬೇಕು. ಬರ್ಜೆಸ್, ಮ್ಯಾಕ್ಲೀನ್, ಅವರಂತೆಯೇ ಸೋವಿಯತ್ ಗೂಢಚಾರನಾಗಿದ್ದ ಕಿಮ್ ಫಿಲ್ಬಿ, ಈ ಮೂವರೂ ನಾನಿರುವ ಊರಿನ ವಿಶ್ವವಿದ್ಯಾಲಯದಲ್ಲಿಯೇ 1930ರ ದಶಕದ ಆಸುಪಾಸಿನಲ್ಲಿ ಓದಿದವರಾದ್ದರಿಂದ ಅವರ ಕಥೆಯನ್ನು ಸ್ವಲ್ಪ ಓದಿಕೊಂಡಿದ್ದೇನೆ. ಭಾಷೆ ಕಲಿತರೆ, ಬೇರು ಗಟ್ಟಿಯಿದ್ದರೆ, ಎಲ್ಲವೂ ನೇರವಾಗುತ್ತದೆ ಎಂಬ ಮಾತಿಗೆ ಆ ಕಥೆ ಹೊಂದುವುದಿಲ್ಲ.

ಬರ್ಜೆಸ್‌ಗೆ ಮಕ್ಕಳಿರಲಿಲ್ಲ. 1963ರಲ್ಲಿ, 52ನೆಯ ವಯಸ್ಸಿನಲ್ಲಿ, ಮಾಸ್ಕೋದಲ್ಲಿಯೇ ತೀರಿಕೊಂಡ. ಚಿತಾಭಸ್ಮ ಮಾತ್ರ ಹ್ಯಾಂಪ್‌ಶೈರಿನ ವೆಸ್ಟ್ ಮಿಯಾನ್ ಎಂಬ ಹಳ್ಳಿಯ ಚರ್ಚಿಗೆ ಬಂತು. ಫಿಲ್ಬಿ ಹುಟ್ಟಿದ್ದು ನಮ್ಮ ಅಂಬಾಲಾದಲ್ಲಿ, 1912ರಲ್ಲಿ. ಅವನು 1963ರಲ್ಲಿ ಮಾಸ್ಕೋ ಸೇರಿದ ಮೇಲೂ ‘ಟೈಮ್ಸ್’ ಪತ್ರಿಕೆಗೂ ಕ್ರಿಕೆಟ್ ಅಂಕಗಳಿಗೂ ಕಾಯುತ್ತಿದ್ದ. ಇವರಿಬ್ಬರನ್ನು ನಾವು ಸುಲಭವಾಗಿ ಗುರುತಿಸಬಲ್ಲೆವು, ಏಕೆಂದರೆ ಭಾನುವಾರ ರಣಜಿ ಪಂದ್ಯದ ಅಂಕ ನೋಡುತ್ತಾ ಕೂರುವ ಕೆಲವರು ಈ ಗುಂಪಿನಲ್ಲಿಯೇ ಇದ್ದಾರೆ.

ಮಕ್ಕಳನ್ನು ಬೆಳೆಸುವವರು ನೋಡಬೇಕಾದದ್ದು ಮ್ಯಾಕ್ಲೀನನ ಬದುಕನ್ನು. ಪರದೇಶದಲ್ಲಿ ಏನೇನು ಮಾಡಬೇಕೆಂದು ಡಾಕ್ಟರ್ ಸಾಹೇಬರು ಬಯಸುತ್ತಾರೋ ಬಹುಪಾಲು ಅವನ್ನೆಲ್ಲ ಮಾಡಿದವನು ಅವನು. ರಷ್ಯನ್ ಭಾಷೆಯನ್ನು ಚೆನ್ನಾಗಿ ಕಲಿತ, ಮಾರ್ಕ್ ಪೆಟ್ರೋವಿಚ್ ಫ್ರೇಜರ್ ಎಂಬ ಹೆಸರನ್ನು ಧರಿಸಿದ, ಅಂತರರಾಷ್ಟ್ರೀಯ ವ್ಯವಹಾರಗಳ ಸಂಶೋಧನಾ ಸಂಸ್ಥೆಯಲ್ಲಿ ದುಡಿದ, ಬ್ರಿಟನ್ನಿನ ವಿದೇಶಾಂಗ ನೀತಿಯ ಬಗ್ಗೆ ಗೌರವಾರ್ಹವಾದ ಪುಸ್ತಕ ಬರೆದ. ಅವನ ಹೆಂಡತಿ ಮೆಲಿಂಡಾ 1953ರಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ಅವನನ್ನು ಹಿಂಬಾಲಿಸಿ ಬಂದಳು. ಮಕ್ಕಳು ಅಲ್ಲಿಯೇ ಬೆಳೆದು ದೊಡ್ಡವರಾದರು. ಆದರೂ ಮುಂದೆ ಆ ಮೂವರೂ ಸೋವಿಯತ್ ಒಕ್ಕೂಟವನ್ನು ಬಿಟ್ಟು ಪಶ್ಚಿಮದ ದೇಶಗಳಿಗೆ ಹೊರಟುಹೋದರು, ಹೆಂಡತಿಯೂ ಅಮೆರಿಕಕ್ಕೆ ಮರಳಿದಳು. 1983ರ ಮಾರ್ಚ್‌ನಲ್ಲಿ ಅವನು ತೀರಿಕೊಂಡಾಗ ಮನೆಯವರು ಯಾರೂ ಹತ್ತಿರವಿರಲಿಲ್ಲ. ಅವನ ಭಸ್ಮವೂ ಇಂಗ್ಲೆಂಡಿಗೇ ಬಂತು. ಅದೇ ವರ್ಷದ ಕೊನೆಯಲ್ಲಿ ಈ ನಾಟಕ ಪ್ರಸಾರವಾಯಿತು, ಆದರೆ ಅದು ಆರಿಸಿಕೊಂಡದ್ದು ಬರ್ಜೆಸ್‌ನನ್ನು. ನಗಿಸಬಲ್ಲ ಮನುಷ್ಯ ಅವನು. ಹೊಂದಿಕೊಂಡು ಬದುಕಿದವನ ಮನೆಯೂ ಖಾಲಿಯಾದ ಕಥೆಯನ್ನು ಒಂದು ಗಂಟೆಯ ನಾಟಕದಲ್ಲಿ ಹೇಳಲು ಯಾರಿಗೂ ಧೈರ್ಯ ಬರಲಿಕ್ಕಿಲ್ಲ.

ಆದ್ದರಿಂದ, ಮೇಡಂ, ಹುಡುಗ ಕೇಳಿದ ಪ್ರಶ್ನೆಯಿಂದ ನಿಮ್ಮ ಸಾಕಣೆಯಲ್ಲಿ ಕೊರತೆಯಿದೆ ಎಂದು ತಿಳಿಯಬೇಡಿ. ಅವನು ಎಲ್ಲಿರುತ್ತಾನೆ ಎಂಬುದನ್ನು ಕನ್ನಡವೂ ತೀರ್ಮಾನಿಸದು, ಪಾಸ್‌ಪೋರ್ಟೂ ತೀರ್ಮಾನಿಸದು.

ಲೆಸ್ಟರ್‌ನಿಂದ, ನಿವೃತ್ತ ವೈದ್ಯರು:

ಮ್ಯಾಕ್ಲೀನನೂ ದ್ರೋಹಿಯೇ. ದ್ರೋಹಿಯ ಮನೆ ಖಾಲಿಯಾದರೆ ಅದರಿಂದ ನಮ್ಮಂಥವರು ಕಲಿಯಬೇಕಾದದ್ದೇನು? ನೀವು ಇನ್ನೂ ಚಿಕ್ಕವರು, ಮಕ್ಕಳು ಬೆಳೆದು ನಿಂತಾಗ ನನ್ನ ಮಾತು ನೆನಪಾಗುತ್ತದೆ. ವಚನದ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಮ್ಯಾಂಚೆಸ್ಟರ್‌ನಿಂದ:

ಡಾಕ್ಟರ್ ಸರ್, ತಾವು ತಮ್ಮ ಭಾರತೀಯ ಪಾಸ್‌ಪೋರ್ಟನ್ನು ನಾನು ಈ ದೇಶಕ್ಕೆ ಬರುವ ಮೊದಲೇ ಒಪ್ಪಿಸಿದ್ದೀರಿ ಎಂದು ತಾವೇ ಯುಗಾದಿಯ ಕೂಟದಲ್ಲಿ ಹೇಳಿದ್ದು ನನಗೆ ನೆನಪಿದೆ. ಗೌರವದಿಂದಲೇ ಕೇಳುತ್ತೇನೆ, ಆ ಋಣ ಹದಿನಾಲ್ಕು ವರ್ಷದ ಹುಡುಗನ ಪಾಲಿಗೆ ಮಾತ್ರ ಏಕೆ?

ಡಂಡಿಯ ಅಕ್ಕನವರಿಗೆ ನಾಟಕದ ಹೊರಗಿನ ಒಂದು ಸಂಗತಿ. ಅವನು ವಾಪಸು ಹೋಗುವಂತಿರಲಿಲ್ಲ ಎಂದು ನಿಮ್ಮ ಮಗ ಹೇಳಿದ್ದು ಪೂರ್ತಿ ನಿಜವಲ್ಲ. 1959ರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಮಾಸ್ಕೋಗೆ ಹೋದಾಗ, ಕಾಯಿಲೆಯಲ್ಲಿದ್ದ ತಾಯಿಯನ್ನು ನೋಡಿಕೊಂಡು ಬರಲು ಬರ್ಜೆಸ್ ಅಭಯ ಕೇಳಿದ. ಅವನ ಮೇಲೆ ಮೊಕದ್ದಮೆ ಹೂಡಲು ಸಾಕಷ್ಟು ಸಾಕ್ಷ್ಯವಿಲ್ಲವೆಂದು ಸರ್ಕಾರದ ವಕೀಲರೇ ಒಳಗೊಳಗೆ ಹೇಳಿದ್ದರು. ಆ ಸಂಗತಿ ಮಾತ್ರ ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಲಾಯಿತು. ಬಂದರೆ ಹಿಡಿಯುತ್ತಾರೆಂಬ ಹೆದರಿಕೆಯಲ್ಲಿಯೇ ಅವನು ಅಲ್ಲಿ ಉಳಿದ. ನಿಮ್ಮ ಹುಡುಗನಿಗೆ ಇದನ್ನು ಹೇಳಿ. ಹೋಗಬಹುದಾಗಿದ್ದರೂ ಹೋಗದೆ ಇರುವ ಜನ ಎಷ್ಟು ಬಗೆಯವರಿದ್ದಾರೆ ಎಂಬುದನ್ನು ಅವನೇ ಯೋಚಿಸಲಿ. ನಾನಂತೂ ಅಪ್ಪನ ಮೊಣಕಾಲು ಶಸ್ತ್ರಚಿಕಿತ್ಸೆಗೆ ಹೋಗಲಿಲ್ಲ. ರಜೆ ಸಿಗುವುದಿಲ್ಲ ಎಂದುಕೊಂಡೆ, ಕೇಳಲೇ ಇಲ್ಲ.

ಸ್ವಿಂಡನ್‌ನಿಂದ:

ನಾಟಕದಲ್ಲಿ ಪೈಜಾಮದ ಅಂಗಡಿಯವರು ದ್ರೋಹಿಗೆ ಬಟ್ಟೆ ಕೊಡುವುದಿಲ್ಲ ಎಂದು ನಿರಾಕರಿಸಿದಾಗ ಬ್ರೌನ್ ಅವರು ತರಾಟೆಗೆ ತೆಗೆದುಕೊಳ್ಳುವ ದೃಶ್ಯವನ್ನು ಯಾರೂ ಹೇಳಲಿಲ್ಲವಲ್ಲ. ದರ್ಜಿ ಮಾತ್ರ ತುಟಿ ಪಿಟಕ್ಕೆನ್ನದೆ ಹೊಲಿದುಕೊಡುತ್ತಾನೆ. ನನಗೆ ಇಡೀ ನಾಟಕದಲ್ಲಿ ಗೌರವ ಹುಟ್ಟಿದ್ದು ಆ ದರ್ಜಿಯ ಮೇಲೆ.

ಡಂಡಿಯಿಂದ, ಮೊದಲು ಬರೆದ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಅವರೇ, ನಮ್ಮ ಮಗ ಕನ್ನಡವನ್ನು ಓದುತ್ತಾನೆ, ಬರೆಯುತ್ತಾನೆ, ಆ ಪ್ರಶ್ನೆಯನ್ನು ಅವನು ಕೇಳಿದ್ದೂ ಕನ್ನಡದಲ್ಲಿಯೇ. 1959ರ ಸಂಗತಿಯನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಡಿಸೆಂಬರ್ ರಜೆಗೆ ಟಿಕೆಟ್ ನೋಡು ಎಂದ. ಅದು ನನಗಾಗಿ ಹೇಳಿದ್ದೋ ತನಗಾಗಿ ಹೇಳಿದ್ದೋ ತಿಳಿಯದು. ಈ ನಡುವೆ ಒಂದು ಗೊಂದಲ: ಮಿಲ್ಟನ್ ಕೀನ್ಸ್‌ನವರೂ ಡಾಕ್ಟರ್ ಅವರೂ ಒಪ್ಪಿಸಬೇಡಿ ಎನ್ನುತ್ತಾರೆ. ಮಗನಿಗೆ ಬ್ರಿಟಿಷ್ ಪೌರತ್ವ ಪಡೆದು, ಭಾರತದ ಪಾಸ್‌ಪೋರ್ಟನ್ನೂ ಸುಮ್ಮನೆ ಇಟ್ಟುಕೊಂಡು ಅದರಲ್ಲಿಯೇ ಡಿಸೆಂಬರಿಗೆ ಹೋಗಿಬರಬಹುದೇ?

ಎಡಿನ್‌ಬರಾದಿಂದ:

ಖಂಡಿತವಾಗಿಯೂ ಬೇಡ, ಅಕ್ಕ. ಪೌರತ್ವ ಬಂದ ಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವುದು ಅಪರಾಧ, ದಂಡವೂ ಬೀಳುತ್ತದೆ. ಮಿಲ್ಟನ್ ಕೀನ್ಸ್‌ನವರ ಮನೆಯಲ್ಲಿ ಯಾರೂ ಇನ್ನೂ ಪೌರತ್ವ ಪಡೆದಿಲ್ಲವಾದರೆ ಅವರ ತೀರ್ಮಾನಕ್ಕೆ ತೊಂದರೆಯಿಲ್ಲ, ಪಡೆದಿದ್ದರೆ ಅವರೂ ಇದನ್ನು ಓದಲಿ. ಡಿಸೆಂಬರಿನಲ್ಲಿ ಹೋಗುವುದು ಖಚಿತವಾದರೆ, ಈಗಿರುವ ಭಾರತದ ಪಾಸ್‌ಪೋರ್ಟುಗಳಲ್ಲಿಯೇ ಹೋಗಿಬಂದು ಅನಂತರ ಅರ್ಜಿ ಹಾಕಿ. ಹದಿನೆಂಟು ತುಂಬುವ ಮುನ್ನ ಹಾಕಿದರೆ ಮಗನಿಗೆ ‘ಲೈಫ್ ಇನ್ ದ ಯು.ಕೆ.’ ಪರೀಕ್ಷೆ ಇರುವುದಿಲ್ಲ, ಆದ್ದರಿಂದ ನಿಮಗೆ ಇನ್ನೂ ಸಮಯವಿದೆ. ಅವನನ್ನೂ ಕೂರಿಸಿಕೊಂಡು ಅರ್ಜಿಯನ್ನು ಓದಿ.