ಪದಚರ್ಚೆ: ಮನೆ ತಪಾಸಣೆಯ ನಮೂನೆಯಲ್ಲಿ ತೇವ, ಸೋರಿಕೆ, ಮೋರಿ ಮತ್ತು ‘ಇಲ್ಲ’

ಪ್ರಶ್ನೆ (ಮುಂಬೈ ಬಳಿಯ ಠಾಣೆಯಿಂದ)

ಎಲ್ಲರಿಗೂ ನಮಸ್ಕಾರ.

ಕಟ್ಟಡ ದುರಸ್ತಿಯ ಮೇಲ್ವಿಚಾರಣೆ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆಂದು ಮನೆ ತಪಾಸಣೆಯ ವರದಿ ನಮೂನೆಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು, ಬಾಲ್ಕನಿ ಇರುವ ಖಾಲಿ ಫ್ಲ್ಯಾಟು. ಅಲ್ಲಿ ಏನೇನು ಕೆಟ್ಟಿದೆ ಎಂಬ ಪಟ್ಟಿ ಕಲಿಸುವವರ ಬಳಿ ಮೊದಲೇ ಇರುತ್ತದೆ. ವಿದ್ಯಾರ್ಥಿ ತುಂಬಿದ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ ಅಂಕ ಕೊಡುವುದು. ಕೆಲವರ ಮನೆಮಾತು ಕಲಬುರಗಿ, ವಿಜಯಪುರದ ಕನ್ನಡ. ಕೆಲವರು ಉಡುಪಿ, ಕುಂದಾಪುರ ಕಡೆಯವರ ಮಕ್ಕಳು. ಬೀದಿಯಲ್ಲಿ, ಕೆಲಸದಲ್ಲಿ ಎಲ್ಲರಿಗೂ ಮರಾಠಿ. ಹಾಗಾಗಿ ಒಂದೇ ಪದ ಮೂರು ಬಗೆಯಾಗಿ ಕೇಳಿಸುತ್ತದೆ.

‘ಮೋರಿ’ ಎಂದರೆ ನಮಗೆ ಚರಂಡಿ. ಇಲ್ಲಿನ ಹಳೆಯ ಚಾಳುಗಳಲ್ಲಿ ಅದು ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ ಜಾಗ. ‘ಮಾಳಿಗೆ’ ಉತ್ತರ ಕರ್ನಾಟಕದವರಿಗೆ ಮೇಲ್ಛಾವಣಿ, ಮೈಸೂರಿನವರಿಗೆ ಮೇಲಂತಸ್ತು, ಮರಾಠಿಯ ‘ಮಾಳಾ’ ಕೇಳಿ ಬೆಳೆದವರಿಗೆ ಅಟ್ಟ. ಇವಕ್ಕೆ ಯಾವ ಪದ ಇಡೋಣ? ಗೋಡೆಯ ನೀರಿಗೆ ‘ಸೋರಿಕೆ’ ಎಂಬ ಒಂದೇ ಕಾಲಂ ಸಾಕೇ? ಸ್ಥಿತಿಯನ್ನು ಹೇಳಲು ‘ಉತ್ತಮ, ಮಧ್ಯಮ, ಕಳಪೆ’ ಸರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಪುಣೆಯಿಂದ)

ನಮಸ್ಕಾರ ಸರ್.

ಜಾಗದ ಹೆಸರುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಮೋರಿ, ಮಾಳಿಗೆ ಎರಡನ್ನೂ ಬಿಡಿ. ಬಚ್ಚಲು, ತಾರಸಿ, ಅಟ್ಟ, ಚರಂಡಿ ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮರಾಠಿಯ ‘ಗಚ್ಚಿ’ ತಾರಸಿ. ಕನ್ನಡದ ಗಚ್ಚು ಗಾರೆ. ಅದನ್ನೂ ಹತ್ತಿರ ಸೇರಿಸಬೇಡಿ. ಬಚ್ಚಲಿನ ನೆಲದ ನೀರಿಳಿಯುವ ಜಾಗಕ್ಕೆ ಪ್ಲಂಬರುಗಳೆಲ್ಲ ‘ನಹಾಣಿ ಟ್ರ್ಯಾಪ್’ ಅನ್ನುತ್ತಾರೆ, ಅಂಗಡಿಯಲ್ಲಿ ಸಿಗುವುದೂ ಅದೇ ಹೆಸರಲ್ಲಿ. ಅದಕ್ಕೆ ಹೊಸ ಪದ ಕಟ್ಟುವುದು ಬೇಡ.

ನಿಜವಾದ ತೊಡಕಿರುವುದು ‘ಸೋರಿಕೆ’ಯಲ್ಲಿ. ಗೋಡೆಯಲ್ಲಿ ಕಾಣುವುದು ಕಲೆ ಅಥವಾ ಹಸಿ, ಅಷ್ಟೇ. ಸೋರಿಕೆ ಎಂದಾಕ್ಷಣ ನೀರು ಎಲ್ಲಿಂದಲೋ ಬರುತ್ತಿದೆ ಎಂದು ತೀರ್ಪು ಕೊಟ್ಟಂತಾಯಿತು. ಕಲಿಯುವವರು ಮೊದಲು ಕಲಿಯಬೇಕಾದದ್ದೇ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯುವುದು. ಆದ್ದರಿಂದ ಕಾಲಂಗಳು ಎರಡಿರಲಿ: ‘ಕಂಡದ್ದು’ ಮತ್ತು ‘ಇರಬಹುದಾದ ಕಾರಣ’. ಸೋರಿಕೆ ಎಂಬ ಮಾತು ಎರಡನೆಯದರಲ್ಲಿ ಮಾತ್ರ ಬರಲಿ.

‘ಕಂಡದ್ದು’ ಕಾಲಂಗೆ ನಮ್ಮ ಭಾಷೆಯಲ್ಲೇ ಏಣಿಯ ಮೆಟ್ಟಿಲಿನಂತೆ ಪದಗಳಿವೆ. ಬಣ್ಣ ಮಾಸಿ ಮುಟ್ಟಿದರೆ ಒಣಗಿದ್ದರೆ ‘ಒಣ ಕಲೆ’. ಅಂಗೈ ಇಟ್ಟರೆ ತಣ್ಣಗೆ ಹತ್ತಿ ಕೈಗೆ ನೀರಂಟದಿದ್ದರೆ ‘ತೇವ’ (ಕರಾವಳಿಯವರು ಪಸೆ ಎಂದು ಬರೆದರೂ ಅಂಕ ಕಳೆಯಬೇಡಿ). ಕಾಗದ ಒತ್ತಿದಾಗ ನೆನೆದರೆ ‘ಒದ್ದೆ’. ಹನಿ ಬೀಳುತ್ತಿದ್ದರೆ ‘ತೊಟ್ಟಿಕ್ಕುತ್ತಿದೆ’, ಜೊತೆಗೆ ನಿಮಿಷಕ್ಕೆ ಎಷ್ಟು ಹನಿ ಎಂದು. ಪ್ರತಿ ನಮೂದಿಗೂ ನೆಲದಿಂದ ಎತ್ತರ, ಕಲೆಯ ಉದ್ದಗಲ ಸೆಂಟಿಮೀಟರಿನಲ್ಲಿ, ದಿನಾಂಕ, ಹಿಂದಿನ ಎರಡು ದಿನ ಮಳೆ ಇತ್ತೇ ಎಂಬುದು ಕಡ್ಡಾಯ. ಮೇ ತಿಂಗಳಲ್ಲಿ ಒಣ ಕಲೆ ಎನಿಸಿದ್ದು ಜುಲೈನಲ್ಲಿ ತೊಟ್ಟಿಕ್ಕಬಹುದು. ಮಳೆಯ ವಿವರವಿಲ್ಲದ ವರದಿಯಿಂದ ಹೊರಗೋಡೆಯ ಬಗ್ಗೆ ಏನೂ ತಿಳಿಯುವುದಿಲ್ಲ. ತೇವ ಅಳೆಯುವ ಮೀಟರು ಕೊಡುವುದಾದರೆ ಒಂದು ಎಚ್ಚರ: ಗೋಡೆಗೆ ಚುಚ್ಚಿ ನೋಡುವ ಮುಳ್ಳಿನ ಮೀಟರುಗಳ ಅಂಕಿ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು, ಗಿಲಾವಿನಲ್ಲಿ (ಪ್ಲಾಸ್ಟರಿನಲ್ಲಿ) ಉಪ್ಪಿದ್ದರೆ ಅದು ಸುಮ್ಮನೆ ಹೆಚ್ಚು ತೋರಿಸುತ್ತದೆ. ಅದೇ ಎತ್ತರದಲ್ಲಿ ಒಣಗಿದ ಗೋಡೆಯ ಅಂಕಿಯನ್ನೂ ಪಕ್ಕದಲ್ಲಿ ಬರೆಸಿ.

ಕಾರಣದ ಕಾಲಂಗೆ ಬಚ್ಚಲಿನ ಕೆಳಗಿನ ಛತ್ತೇ ಒಳ್ಳೆಯ ಪಾಠ. ಮೇಲಿನ ಮನೆಯವರು ಒಂದು ದಿನ ಬಚ್ಚಲು ಬಳಸದೆ ಬಿಡಲಿ, ನೀರಿನ ವಾಲ್ವು ಮಾತ್ರ ತೆರೆದಿರಲಿ. ಆಗಲೂ ಹನಿ ನಿಲ್ಲದಿದ್ದರೆ ಒತ್ತಡದಲ್ಲಿರುವ ಸರಬರಾಜು ಪೈಪಿನ ಮೇಲೆ ಅನುಮಾನ. ನಿಂತರೆ ಟ್ರ್ಯಾಪು, ಅದರ ಜೋಡಣೆ ಅಥವಾ ಟೈಲ್ಸಿನ ಸಂದು. ಮುಂದೆ ಟ್ರ್ಯಾಪಿಗೆ ಬಿರಡೆ ಹಾಕಿ ನೆಲದಲ್ಲಿ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಮಾಡಿ, 24 ಗಂಟೆ ಕಾಯುವುದು. ಕೆಳಗೆ ಹಸಿ ಮೂಡಿದರೆ ನೆಲದ ಜಲನಿರೋಧಕ ಪದರ ಕೆಟ್ಟಿದೆ. ಮೂಡದೆ, ಬಿರಡೆ ತೆಗೆದ ಮೇಲೆ ತೊಟ್ಟಿಕ್ಕಿದರೆ ಟ್ರ್ಯಾಪಿನ ಕೆಳಗಿನ ಜೋಡಣೆ. ಈ ಪರೀಕ್ಷೆ ಮಾಡದ ವಿದ್ಯಾರ್ಥಿ ಕಾರಣದ ಕಾಲಂನಲ್ಲಿ ‘ಇನ್ನೂ ಪರೀಕ್ಷಿಸಬೇಕು’ ಎಂದು ಬರೆದರೆ ಅದಕ್ಕೆ ಪೂರ್ತಿ ಅಂಕ ಸಲ್ಲಬೇಕು.

ಬಿರುಕಿಗೂ ಇದೇ ನಿಯಮ. ‘ಸಣ್ಣ, ದೊಡ್ಡ’ ಎಂದು ಬರೆಯಲು ಬಿಡಬೇಡಿ. 1 ಮಿ.ಮೀ.ಗಿಂತ ಕಡಿಮೆ, 1ರಿಂದ 2, 2ಕ್ಕಿಂತ ಹೆಚ್ಚು ಎಂಬ ಮೂರು ಚೌಕ ಸಾಕು. ಜೊತೆಗೆ ದಿಕ್ಕು: ಕಿಟಕಿಯ ಮೂಲೆಯಿಂದ ಓರೆಯಾಗಿ, ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ, ಸ್ಲ್ಯಾಬಿನ ಅಡಿಯಲ್ಲಿ ಅಡ್ಡಲಾಗಿ, ಬೀಮಿನ ಸರಳಿನ ಗುಂಟ. ಕೊನೆಯದರಲ್ಲಿ ತುಕ್ಕಿನ ಬಣ್ಣವೂ ಇದ್ದರೆ ತಕ್ಷಣ ಎಂಜಿನಿಯರಿಗೆ ಹೇಳಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಇದಕ್ಕೆ ಮೇಸ್ತ್ರಿಗಳ ಮಾತು ‘ಚಕ್ಕೆ ಎದ್ದಿದೆ’, ಅದೇ ಇರಲಿ. ಗಿಲಾವನ್ನು ತಟ್ಟಿದಾಗ ಬೇರೆ ಸದ್ದು ಬಂದರೆ ‘ಟೊಳ್ಳು’.

ನೀವು ಕೇಳದ ಪದವೊಂದು ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನಿಸುತ್ತದೆ: ‘ಇಲ್ಲ’. ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಎದುರಿನ ಚೌಕದಲ್ಲಿ ‘ಇಲ್ಲ’ ಎಂದಿದ್ದರೆ ಆ ಸಾಧನವೇ ಇಲ್ಲವೋ, ತೊಂದರೆ ಇಲ್ಲವೋ, ನೋಡಿಲ್ಲವೋ? ಮೂರಕ್ಕೂ ಅದೇ ಎರಡಕ್ಷರ. ಹೀಗೆ ಒಡೆಯಿರಿ: ‘ಅಳವಡಿಸಿಲ್ಲ’, ‘ತೊಂದರೆ ಕಾಣಲಿಲ್ಲ’, ‘ನೋಡಲಾಗಲಿಲ್ಲ’. ಮೂರನೆಯದಕ್ಕೆ ಕಾರಣ ಬರೆಯಲೇಬೇಕು: ಬೀಗ, ಮುಂದೆ ಕಪಾಟು, ಫಾಲ್ಸ್ ಸೀಲಿಂಗ್. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬಿತ್ತು (ಟ್ರಿಪ್ ಆಯಿತು) ಎಂದಷ್ಟೇ ಬರೆಯಬೇಕು. ಅರ್ಥಿಂಗ್ ಸರಿಯಿದೆ ಎಂಬುದಕ್ಕೆ ಆ ಗುಂಡಿ ಸಾಕ್ಷಿಯಲ್ಲ. ವಿತರಣಾ ಪೆಟ್ಟಿಗೆಯ ಮುಚ್ಚಳವನ್ನು ವಿದ್ಯಾರ್ಥಿ ತೆರೆಯಕೂಡದು, ಇದನ್ನು ನಮೂನೆಯ ತಲೆಯಲ್ಲೇ ಅಚ್ಚು ಹಾಕಿಸಿ.

‘ಉತ್ತಮ, ಮಧ್ಯಮ, ಕಳಪೆ’ ಬೇಡ. ಅದರಿಂದ ಮನೆಯವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಈಗಲೇ’, ‘ಮಳೆಗಾಲಕ್ಕೆ ಮೊದಲು’, ‘ನಿಗಾ ಇರಲಿ’ ಎಂದು ಕಾಲವನ್ನೇ ಹೇಳಿ. ಮುಂಬೈ ಪಾಲಿಕೆಯ ಸಿ-1, ಸಿ-2ಎ, ಸಿ-2ಬಿ, ಸಿ-3 ಎಂಬ ದರ್ಜೆಗಳನ್ನು ಅಭ್ಯಾಸದ ಹಾಳೆಗೆ ಎತ್ತಿಕೊಳ್ಳಬೇಡಿ. ಸಿ-1 ಎಂದರೆ ತೆರವು ಮಾಡಿ ಕೆಡವಬೇಕಾದ ಕಟ್ಟಡ. ಅದನ್ನು ನಿರ್ಧರಿಸಲು ರಚನಾ ಎಂಜಿನಿಯರರ ಪರೀಕ್ಷೆ ಬೇಕು. ‘ದೋಷ’ ಪದದಲ್ಲೂ ಹಿಡಿತವಿರಲಿ. ರೇರಾ ಕಾಯ್ದೆಯ (ಬಿಲ್ಡರುಗಳಿಗೆ ಅನ್ವಯಿಸುವ ರಿಯಲ್ ಎಸ್ಟೇಟ್ ಕಾಯ್ದೆ) 14(3)ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ರಚನಾ ದೋಷವನ್ನು ಬಿಲ್ಡರ್ 30 ದಿನದಲ್ಲಿ ಸರಿಪಡಿಸಬೇಕು. ವಿದ್ಯಾರ್ಥಿಯ ಹಾಳೆಯಲ್ಲಿ ಆ ಮಾತು ಬರಲು ಅವಸರವಿಲ್ಲ.

ನನ್ನದೂ ಒಂದು ಪ್ರಶ್ನೆ ಉಳಿದಿದೆ. ಬೆರಳಲ್ಲಿ ಉಜ್ಜಿದರೆ ಗಿಲಾವು ಹಿಟ್ಟಿನಂತೆ ಉದುರುವುದಕ್ಕೆ ನಾನು ಸದ್ಯ ‘ಪುಡಿಯಾಗುತ್ತದೆ’ ಎಂದೇ ಬರೆಸುತ್ತಿದ್ದೇನೆ. ಗೋವಾದಲ್ಲಿ ಕೆಂಪುಕಲ್ಲಿನ ಮನೆಗಳ ಕೆಲಸ ಮಾಡುವ ನಮ್ಮ ಬಾಗಲಕೋಟೆ, ವಿಜಯಪುರದ ಗೌಂಡಿಗಳು ಇದಕ್ಕೆ ಏನನ್ನುತ್ತಾರೆ? ಮಡಗಾಂವ್, ವಾಸ್ಕೋ ಕಡೆ ಇರುವವರು ವಿಚಾರಿಸಿ ತಿಳಿಸಿ.