ಎನ್‌ಕೋಡಿಂಗ್ ಪ್ರಶ್ನೋತ್ತರ: ಕನ್ನಡ ಅಕ್ಷರ ಕೆಟ್ಟು ಬಂದಾಗ ಪೈಥಾನ್‌ನಲ್ಲಿ ಏನು ಮಾಡಬೇಕು

ಎಂಜಿನಿಯರ್: ಸ್ಟ್ರಿಂಗ್ (ಪ್ರೋಗ್ರಾಂ ಒಳಗಿನ ಪಠ್ಯ) ಎನ್‌ಕೋಡಿಂಗ್ ಬಗ್ಗೆ, ಅಂದರೆ ಅಕ್ಷರವನ್ನು ಬೈಟುಗಳಾಗಿ ಇಡುವ ಪದ್ಧತಿ ಬಗ್ಗೆ, ಏನಿದ್ದರೂ ಇದರ ಕೆಳಗೆ ಕೇಳಿ. ಉತ್ತರ ಪೈಥಾನ್ 3ಕ್ಕೆ ಹೊಂದುವ ಹಾಗೆ ಕೊಡುತ್ತೇನೆ. ಎರರ್ ಬಂದಿದ್ದರೆ ಪೂರ್ತಿ ಹಾಕಿ, "ಕೆಲಸ ಮಾಡ್ತಿಲ್ಲ" ಅಂತಷ್ಟೇ ಬರೆದರೆ ನನಗೆ ಏನೂ ಗೊತ್ತಾಗಲ್ಲ.

ವಿದ್ಯಾರ್ಥಿ: ಮೇಡಂ, ಎನ್‌ಕೋಡ್ ಯಾವುದು, ಡಿಕೋಡ್ ಯಾವುದು ಅಂತ ಪ್ರತಿ ಸಲ ಗೊಂದಲ ಆಗುತ್ತೆ.

ಎಂಜಿನಿಯರ್: ಅಕ್ಷರದಿಂದ ಬೈಟಿಗೆ ಹೋದರೆ ಎನ್‌ಕೋಡ್. ಬೈಟಿನಿಂದ ಅಕ್ಷರಕ್ಕೆ ಬಂದರೆ ಡಿಕೋಡ್. ಫೈಲಿನಲ್ಲಿ ಇರುವುದು ಬೈಟು ಮಾತ್ರ. 'ಕ' ಅಕ್ಷರಕ್ಕೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಪಟ್ಟಿ) ಕೊಟ್ಟ ನಂಬರ್ 0ಸಿ95 (ಇಲ್ಲಿನ ಇಂಥ ನಂಬರ್‌ಗಳೆಲ್ಲ ಹೆಕ್ಸ್, ಅಂದರೆ 0ಯಿಂದ 9, ಎಯಿಂದ ಎಫ್ ಬಳಸುವ ಎಣಿಕೆ), ಯುಟಿಎಫ್-8 ಅನ್ನುವ ಎನ್‌ಕೋಡಿಂಗ್‌ನಲ್ಲಿ ಅದು ಇ0, ಬಿ2, 95 ಅನ್ನುವ ಮೂರು ಬೈಟು. ಒಂದು ಎನ್‌ಕೋಡಿಂಗ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೊದಲು ಹಳೆಯದರಲ್ಲಿ ಡಿಕೋಡ್ ಮಾಡಿ, ಆಮೇಲೆ ಹೊಸದರಲ್ಲಿ ಎನ್‌ಕೋಡ್ ಮಾಡಿ.

ಸದಸ್ಯ 1: ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಫೈಲ್ ಬರೆದೆ. ಎಡಿಟರ್‌ನಲ್ಲಿ ಕನ್ನಡ ಸರಿಯಾಗಿದೆ, ಎಕ್ಸೆಲ್‌ನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ.

ಎಂಜಿನಿಯರ್: ಬರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತ ಕೊಡಿ. ಫೈಲಿನ ತಲೆಗೆ ಇಎಫ್, ಬಿಬಿ, ಬಿಎಫ್ ಅನ್ನುವ ಮೂರು ಬೈಟು ಸೇರುತ್ತೆ. ಎಕ್ಸೆಲ್ ಅದನ್ನು ನೋಡಿ ಯುಟಿಎಫ್-8 ಅಂತ ಗುರುತಿಸುತ್ತೆ.

ಸದಸ್ಯ 2 (ಡೇಟಾಬೇಸ್ ಕೆಲಸ): ಮೇಡಂ, ಹಳೆಯ ಮೈಎಸ್‌ಕ್ಯೂಎಲ್ ಟೇಬಲ್ಲಿನಲ್ಲಿ ಕನ್ನಡದ ಪ್ರತಿ ಅಕ್ಷರದ ಜಾಗದಲ್ಲೂ, ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ ಮತ್ತು ಇನ್ನೆರಡು ಚಿಹ್ನೆ ಬರುತ್ತಿವೆ. ಲ್ಯಾಟಿನ್-1ರಲ್ಲಿ (ಅಕ್ಷರಕ್ಕೆ ಒಂದೇ ಬೈಟಿನ ಹಳೆಯ ಎನ್‌ಕೋಡಿಂಗ್) ಎನ್‌ಕೋಡ್ ಮಾಡಿ ಯುಟಿಎಫ್-8ರಲ್ಲಿ ಡಿಕೋಡ್ ಮಾಡಲು ಹೋದರೆ 'ಕ' ಬಂದಲ್ಲೇ ಎರರ್. ಅದೇ ಥರದ ವಿಂಡೋಸ್ ಎನ್‌ಕೋಡಿಂಗ್ ಸಿಪಿ1252 ಹಾಕಿದರೆ 'ಕ' ಬರುತ್ತೆ, 'ಕನ್ನಡ' ಬರಲ್ಲ. ಜೊತೆಯವರು ಹೇಳಿದರು ಅಂತ ಎರಡೂ ಕಡೆ 'ಇಗ್ನೋರ್' (ಆಗದ್ದನ್ನು ಸುಮ್ಮನೆ ಬಿಟ್ಟುಬಿಡು ಅನ್ನುವ ಆಯ್ಕೆ) ಹಾಕಿದೆ, ಎರರ್ ಹೋಯಿತು. ಆದರೆ ಒಂದು ಸಾಲಿನಲ್ಲಿ 'ಸತ್ತ' ಅಂತ ಇರಬೇಕಾದ ಕಡೆ 'ಸತತ' ಅಂತ ಬಂದಿದೆ.

ಎಂಜಿನಿಯರ್: ಮೊದಲು ಆ ಸ್ಕ್ರಿಪ್ಟ್ ನಿಲ್ಲಿಸಿ. ಟೇಬಲ್ಲಿಗೆ ವಾಪಸ್ ಏನನ್ನೂ ಬರೆಯಬೇಡಿ. ಕಾಪಿ ತೆಗೆದುಕೊಂಡ ಮೇಲೆ ಮುಂದಿನದು ಓದಿ.

ಟೇಬಲ್ ಯುಟಿಎಫ್-8, ಆದರೆ ಪ್ರೋಗ್ರಾಂ ಮತ್ತು ಸರ್ವರ್ ನಡುವಿನ ಕನೆಕ್ಷನ್ ಲ್ಯಾಟಿನ್1 ಅಂತ ಇತ್ತು. ನಿಮ್ಮ ಪ್ರೋಗ್ರಾಂ ಯುಟಿಎಫ್-8 ಬೈಟು ಕಳಿಸಿತು, ಸರ್ವರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡು ಮತ್ತೊಮ್ಮೆ ಯುಟಿಎಫ್-8 ಮಾಡಿತು. ಮೂರು ಬೈಟಿನ 'ಕ' ಏಳು ಬೈಟಾಗಿ ಕೂತಿದೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಹೆಸರಿಗಷ್ಟೇ ಲ್ಯಾಟಿನ್1, ಒಳಗಿರುವುದು ವಿಂಡೋಸ್ 1252, ಅಂದರೆ ಪೈಥಾನ್ ಸಿಪಿ1252 ಅನ್ನುವುದು. ಅದಕ್ಕೇ 95 ಅನ್ನುವ ಬೈಟು ದಪ್ಪ ಚುಕ್ಕಿಯಾಗಿದೆ, ಅಸಲಿ ಲ್ಯಾಟಿನ್-1ರಲ್ಲಿ ಆ ಚುಕ್ಕಿ ಇಲ್ಲವೇ ಇಲ್ಲ.

ಈಗ ಕನ್ನಡಕ್ಕೆ ಬೀಳುವ ಪೆಟ್ಟು ನೋಡಿ. 1252ರಲ್ಲಿ ಐದು ಜಾಗ ಖಾಲಿ: 81, 8ಡಿ, 8ಎಫ್, 90, 9ಡಿ. ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆ (್) ಇದೆಯಲ್ಲ, ಅದರ ಬೈಟು ಇ0, ಬಿ3, 8ಡಿ. ಕೊಂಬಿನದು ಇ0, ಬಿ3, 81. ಏ, ಐ, ಝ ಕೊನೆಯ ಬೈಟು ಕ್ರಮವಾಗಿ 8ಎಫ್, 90, 9ಡಿ. ಅಂದರೆ ಪ್ರತಿ ಒತ್ತು, ಪ್ರತಿ ಕೊಂಬು ಈ ಖಾಲಿ ಜಾಗಕ್ಕೇ ಬೀಳುತ್ತೆ. ಮೈಎಸ್‌ಕ್ಯೂಎಲ್ ಆ ಐದನ್ನೂ ಅದೇ ನಂಬರಿನ, ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರವಾಗಿ ಉಳಿಸಿಕೊಳ್ಳುತ್ತೆ, ಪೈಥಾನ್‌ನ ಸಿಪಿ1252 ಒಪ್ಪದೆ ಎರರ್ ಕೊಡುತ್ತೆ. ಎರರ್ ಕೊಟ್ಟಿದ್ದು ಒಳ್ಳೆಯದೇ ಆಯಿತು. ಇಗ್ನೋರ್ ಹಾಕಿದಿರಿ, ಒತ್ತು ಮಾಯ. 'ಕುರಿ' ಇದ್ದಿದ್ದರೆ 'ಕರಿ' ಆಗುತ್ತಿತ್ತು. ಎರಡೂ ಸರಿಯಾದ ಪದವೇ, ಓದುವವರಿಗೆ ಅನುಮಾನವೂ ಬರಲ್ಲ.

ಹೀಗೆ ಮಾಡಿ. ಸ್ಟ್ರಿಂಗಿನ ಒಂದೊಂದೇ ಅಕ್ಷರ ತೆಗೆದುಕೊಳ್ಳಿ. ಸಿಪಿ1252ರಲ್ಲಿ ಎನ್‌ಕೋಡ್ ಆಗುತ್ತಾ ನೋಡಿ, ಆಗದಿದ್ದರೆ ಆ ಒಂದು ಅಕ್ಷರಕ್ಕೆ ಮಾತ್ರ ಲ್ಯಾಟಿನ್-1. ಬಂದ ಬೈಟುಗಳನ್ನು ಸೇರಿಸಿ ಕೊನೆಯಲ್ಲಿ ಒಂದೇ ಸಲ ಯುಟಿಎಫ್-8ರಲ್ಲಿ ಡಿಕೋಡ್ ಮಾಡಿ. ಇಗ್ನೋರ್, ರಿಪ್ಲೇಸ್ (ಆಗದ್ದರ ಜಾಗದಲ್ಲಿ ಬೇರೆ ಚಿಹ್ನೆ ಇಡುವುದು) ಏನೂ ಬೇಡ. ಎರಡರಲ್ಲೂ ಎನ್‌ಕೋಡ್ ಆಗದ ಅಕ್ಷರ ಸಿಕ್ಕಿದರೆ ಆ ಸಾಲು ಮುಟ್ಟಬೇಡಿ, ಅದರಲ್ಲಿ ಈಗಾಗಲೇ ಸರಿಯಾದ ಕನ್ನಡ ಇರಬಹುದು.

ಸದಸ್ಯ 2: ಮೇಡಂ, ಇಗ್ನೋರ್ ಹಾಕಿ ಈಗಾಗಲೇ ಬರೆದುಬಿಟ್ಟ ಸಾಲುಗಳೂ ಇವೆ. ಅವನ್ನು ಕೋಡಿನಲ್ಲೇ ಸರಿಪಡಿಸಬಹುದಾ?

ಎಂಜಿನಿಯರ್: ಆಗಲ್ಲ. ಹೋಗಿದ್ದು ಕೊಂಬೋ ಒತ್ತೋ ಅನ್ನುವ ಗುರುತು ಕೂಡ ಉಳಿದಿಲ್ಲ. ಬ್ಯಾಕಪ್‌ನಿಂದ ತನ್ನಿ.

ಸದಸ್ಯ 3: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ. "ಯಾವುದೇ ಯೂನಿಕೋಡ್ ಎರರ್ ಇರಲಿ, ರೀಲೋಡ್ ಸಿಸ್ ಅಂತ ಹಾಕಿ ಸೆಟ್‌ಡೀಫಾಲ್ಟ್‌ಎನ್‌ಕೋಡಿಂಗ್ ಯುಟಿಎಫ್8 ಕೊಡಿ, ಎರರ್ಸ್ ಇಗ್ನೋರ್ ಸೇರಿಸಿ, 100% ಪರಿಹಾರ."

ಎಂಜಿನಿಯರ್: ದಯವಿಟ್ಟು ಇದನ್ನು ಯಾರೂ ಬಳಸಬೇಡಿ. ಮೊದಲ ಅರ್ಧ ಪೈಥಾನ್ 2ರದ್ದು, 3ರಲ್ಲಿ ಆ ಫಂಕ್ಷನ್ನೇ ಇಲ್ಲ. ಎರಡನೇ ಅರ್ಧ ಏನು ಮಾಡುತ್ತೆ ಅಂತ ಈಗಷ್ಟೇ ಇಷ್ಟುದ್ದ ಬರೆದಿದ್ದೇನೆ.

ಸದಸ್ಯ 3: ನನಗೆ ಕೆಲಸ ಮಾಡಿದೆ ಮೇಡಂ.

ಎಂಜಿನಿಯರ್: ಎರರ್ ಬರಲಿಲ್ಲ ಅಂದರೆ ಪಠ್ಯ ಸರಿಯಾಯಿತು ಅಂತ ಅಲ್ಲ. ಮೊದಲಿನದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿದ್ದೀರಾ?

ಸದಸ್ಯ 4: ಎರಡು ಸ್ಟ್ರಿಂಗ್ ಕಣ್ಣಿಗೆ ಒಂದೇ ಥರ ಕಾಣುತ್ತವೆ, 'ಕೊ' ಅಂತ. ಹೋಲಿಸಿದರೆ ಫಾಲ್ಸ್ ಬರುತ್ತೆ. ಯಾಕೆ?

ಸದಸ್ಯ 5 (ಜಾವಾ): ಇಷ್ಟೆಲ್ಲ ಕಷ್ಟಕ್ಕೆ ಕಾರಣ ಯುಟಿಎಫ್-8. ಕನ್ನಡಕ್ಕೆ ಅಕ್ಷರಕ್ಕೆ ಮೂರು ಬೈಟು, ಯುಟಿಎಫ್-16ರಲ್ಲಿ ಎರಡೇ. ಎಲ್ಲ ಫೈಲನ್ನೂ 16ರಲ್ಲಿ ಇಟ್ಟರೆ ಮೂರನೇ ಒಂದು ಭಾಗ ಜಾಗ ಉಳಿಯುತ್ತೆ.

ಸದಸ್ಯ 6: ಸ್ವಾಮಿ, ಬರೀ ಕನ್ನಡ ಇದ್ದರೆ ತಾನೇ. ಟ್ಯಾಗು, ಕಾಮಾ, ಸ್ಪೇಸ್, ನಂಬರ್ ಎಲ್ಲ ಒಂದರ ಬದಲು ಎರಡು ಬೈಟಾಗುತ್ತೆ. ಮೇಲಿಂದ ಬೈಟುಗಳ ಕ್ರಮ ಯಾವುದು, ಲಿಟಲ್ ಎಂಡಿಯನ್ನೋ ಬಿಗ್ಗೋ ಅಂತ ಬೇರೆ ನೋಡಬೇಕು.

ಸದಸ್ಯ 5: ಜಾವಾ ಸ್ಟ್ರಿಂಗ್ ಒಳಗೆಲ್ಲ 16ರಲ್ಲೇ ನಡೆಯುತ್ತಿದೆ, ಏನೂ ಆಗಿಲ್ಲ.

ಸದಸ್ಯ 6: ಅದು ಮೆಮರಿ ಮಾತು, ನಾವು ಫೈಲಿನ ಮಾತು ಆಡ್ತಿರೋದು. ನಿಮ್ಮ ಜಾವಾನೇ 2022ರಲ್ಲಿ, 18ನೇ ವರ್ಷನ್ನಿಂದ, ಡೀಫಾಲ್ಟ್ ಯುಟಿಎಫ್-8 ಮಾಡಿಕೊಂಡಿದೆ. ಅದನ್ನಾದರೂ ಓದಿ ಬನ್ನಿ.

ಸದಸ್ಯ 5: ಓದಿಯೇ ಬಂದಿದ್ದೇನೆ. ಮಾತು ಸ್ವಲ್ಪ ನೋಡಿ ಆಡಿ.

ಸದಸ್ಯ 7: ಎಕ್ಸೆಲ್‌ನಲ್ಲಿ ಕನ್ನಡ ಸರಿ ಕಾಣ್ತಿಲ್ಲ, ಯಾರಾದರೂ ಹೇಳಿ.

ಎಂಜಿನಿಯರ್: ಯುಟಿಎಫ್-8-ಸಿಗ್. ಮೇಲೆ ಇದೆ.

ಸದಸ್ಯ 3: ಚಾರ್‌ಡೆಟ್ ಅನ್ನುವ ಲೈಬ್ರರಿ ಹಾಕಿದರೆ ಎನ್‌ಕೋಡಿಂಗ್ ತಾನೇ ಕಂಡುಹಿಡಿಯುತ್ತಂತೆ, ಇನ್ನೊಂದು ಗುಂಪಿನಿಂದ ಬಂತು.

ಎಂಜಿನಿಯರ್: ಅದು ಊಹೆ ಮಾಡುತ್ತೆ. ಚಿಕ್ಕ ಪಠ್ಯ ಕೊಟ್ಟರೆ ಸುಲಭವಾಗಿ ತಪ್ಪುತ್ತೆ. ಸದಸ್ಯ 2ರ ಟೇಬಲ್ಲಿನಲ್ಲಿ ಬೈಟುಗಳು ಯುಟಿಎಫ್-8 ಪ್ರಕಾರ ಸರಿಯಾಗೇ ಇವೆ, ಹಾಗಾಗಿ ಯುಟಿಎಫ್-8 ಅಂತಲೇ ಹೇಳುತ್ತೆ, ಉಪಯೋಗ ಏನು? ನೀವು ಪರೀಕ್ಷೆ ಮಾಡಿ ನೋಡದ್ದನ್ನು ಇಲ್ಲಿ ಹಾಕಬೇಡಿ, ಬೇರೆಯವರ ಡೇಟಾ ಹಾಳಾಗುತ್ತೆ.

ಸದಸ್ಯ 4: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಸದಸ್ಯ 5: 16 ಬಗ್ಗೆ ಮೇಡಂ ಒಂದು ಮಾತು ಹೇಳಲಿ, ಮುಗಿಯುತ್ತೆ.

ಎಂಜಿನಿಯರ್: ಫೈಲಿಗೆ ಯುಟಿಎಫ್-8. ಜಾಗ ಬೇಕಿದ್ದರೆ ಜಿಪ್ ಮಾಡಿ. ಈ ವಾದ ಬೇರೆ ಕಡೆ ಮಾಡಿಕೊಳ್ಳಿ.

ಸದಸ್ಯ 2: ಮೇಡಂ, ಒಂದೊಂದೇ ಅಕ್ಷರದ ವಿಧಾನ ಕಾಪಿಯ ಮೇಲೆ ಓಡಿಸಿದೆ, ಒತ್ತು ಕೊಂಬು ಎಲ್ಲ ಬಂದಿವೆ. ಕೆಲವು ಉದ್ದದ ಸಾಲುಗಳಲ್ಲಿ ಮಾತ್ರ ತೀರಾ ಕೊನೆಯಲ್ಲಿ ಡಿಕೋಡ್ ಎರರ್. ಅಲ್ಲಿಗಾದರೂ ಇಗ್ನೋರ್ ಹಾಕಬಹುದಾ?

ಎಂಜಿನಿಯರ್: ಕಾಲಂ ವಾರ್‌ಚಾರ್ 255 (ಹೆಚ್ಚೆಂದರೆ 255 ಅಕ್ಷರ ಹಿಡಿಸುವಂಥದ್ದು) ಇರಬೇಕು, ನೋಡಿ. ಕನ್ನಡದ ಒಂದು ಅಕ್ಷರ ಅಥವಾ ಒಂದು ಚಿಹ್ನೆ ಅಲ್ಲಿ ಮೂರರ ಜಾಗ ತಿಂದಿದೆ. ಹಾಗಾಗಿ ಹೆಚ್ಚೆಂದರೆ 85 ಹಿಡಿಸಿದೆ, ಒತ್ತು ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಉದ್ದ ಮೀರಿದರೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ಆಫ್ ಇದ್ದಿದ್ದರಿಂದ ಸರ್ವರ್ ಬರೀ ವಾರ್ನಿಂಗ್ ಕೊಟ್ಟು ಉಳಿದದ್ದನ್ನು ಕತ್ತರಿಸಿದೆ. ಮಧ್ಯೆ ಸ್ಪೇಸು, ಅಂಕಿ ಇದ್ದ ಕಡೆ ಅಕ್ಷರದ ನಡುವೆಯೇ ಕತ್ತರಿ ಬಿದ್ದಿದೆ, ಅದೇ ನಿಮ್ಮ ಎರರ್. ಇಗ್ನೋರ್ ಬೇಡ. ಆ ಸಾಲುಗಳ ಐಡಿ ಬರೆದಿಟ್ಟುಕೊಳ್ಳಿ, ಉಳಿದ ಪಠ್ಯ ಟೇಬಲ್ಲಿಗೆ ಬಂದೇ ಇಲ್ಲ, ಮೂಲ ದಾಖಲೆ ನೋಡಿ ಮತ್ತೆ ತುಂಬಿಸಬೇಕು. ಜೊತೆಗೆ ಉದ್ದ ಸರಿಯಾಗಿ 255 ಇರುವ ಸಾಲುಗಳನ್ನೂ ಹುಡುಕಿ, ಕೆಲವು ಎರರ್ ಇಲ್ಲದೆಯೂ ಅರ್ಧಕ್ಕೆ ನಿಂತಿರುತ್ತವೆ.